ಗೃಹಲಕ್ಷ್ಮಿ ದುಡ್ಡು ಮನೇಲಿ ಏನ್ ಮಾಡ್ತೈತೆ ಅಂತ ಕೇಳ್ಕೊಂಡ್ ಬರೋ ಕೆಲ್ಸ: ದಾವಣಗೆರೆ ಫೀಲ್ಡಿಂದ ಒಂದು ರಿವ್ಯೂ

ಎಂಎಸ್‌ಡಬ್ಲ್ಯೂ, ಸೋಶಿಯಾಲಜಿ ಮುಗ್ಸಿ ಕೂತಿರೋ ನಮ್ ಜೂನಿಯರ್‌ಗಳು ಇಂಥ ಪೋಸ್ಟ್ ಕಣ್ಣಿಗೆ ಬಿದ್ದಾಗೆಲ್ಲ "ಅಕ್ಕ ಹೆಂಗೈತೆ, ಅರ್ಜಿ ಹಾಕ್ಬಹುದಾ" ಅಂತ ಮೆಸೇಜ್ ಹಾಕ್ತಾನೇ ಇರ್ತಾರೆ, ಒಬ್ಬೊಬ್ರಿಗೂ ವಾಯ್ಸ್ ನೋಟ್ ಕಳ್ಸಿ ಸಾಕಾಗಿದೆ, ಅದ್ಕೆ ಇಲ್ಲೇ ಒಂದ್ಸಲ ಬರ್ದ್ಬಿಡ್ತೀನಿ. ಪೋಸ್ಟಿನ ಹೆಸ್ರು ಕ್ವಾಲಿಟೇಟಿವ್ ಫೀಲ್ಡ್ ರಿಸರ್ಚರ್, ಅಂದ್ರೆ ನಂಬರ್ ಲೆಕ್ಕ ಬಿಟ್ಟು ಜನ್ರ ಮಾತು ಕೇಳಿ ತಿಳ್ಕೊಳ್ಳೋರು, ಕಾಂಟ್ರಾಕ್ಟ್ ಕೆಲ್ಸ. ವಿಷ್ಯ ಗ್ಯಾರಂಟಿ ಆದಾಯ ಮತ್ತೆ ಕುಟುಂಬದ ನೆಮ್ಮದಿ. ತಿಂಗ್ಳಾ ತಿಂಗ್ಳಾ ಒಂದಿಷ್ಟು ದುಡ್ಡು ಯಾವ ಕೆಲ್ಸನೂ ಕೇಳ್ದೆ ಮನೆಗೆ ಬಂದ್ರೆ ಆ ಮನೆ ಒಳಗೆ ಊಟ, ಸಾಲ, ಮಕ್ಕಳ ಸ್ಕೂಲು, ಗಂಡ ಹೆಂಡ್ತಿ ಮಾತುಕತೆ ಇವೆಲ್ಲ ಏನಾಗ್ತವೆ ಅಂತ ಕೂತು ಕೇಳೋದು, ರೆಕಾರ್ಡ್ ಮಾಡೋದು, ಬರೆಯೋದು. ಸಂಸ್ಥೆ ಹೆಸ್ರು ಹೇಳಲ್ಲ, ಕೇಳ್ಬೇಡಿ. ಇಂಥ ಕೆಲ್ಸ ಕೊಡೋ ಏಜೆನ್ಸಿಗಳು ಹೆಚ್ಚು ಕಮ್ಮಿ ಎಲ್ಲಾ ಒಂದೇ ಥರ ಇರ್ತವೆ, ಹಂಗಾಗಿ ಹೆಸ್ರು ಗೊತ್ತಾಗಿ ನಿಮ್ಗೇನೂ ಆಗ್ಬೇಕಾಗಿಲ್ಲ.

ರೇಟಿಂಗ್ ಮೊದ್ಲೇ ಹೇಳ್ತೀನಿ, ಐದಕ್ಕೆ ಮೂರೂವರೆ. ಕೆಲ್ಸಕ್ಕೆ ನಾಲ್ಕೂವರೆ ಕೊಡ್ತಿದ್ದೆ, ಅದನ್ನ ಮಾಡ್ಸೋ ರೀತಿಗೆ ಒಂದು ಕಟ್.

ನಮ್ ರಾಜ್ಯದಲ್ಲಿ ಇಂಥ ಸ್ಟಡಿ ಅಂದ್ರೆ ಗೃಹಲಕ್ಷ್ಮಿನೇ ಕೈಗೆ ಸಿಗೋ ವಿಷ್ಯ. 2023ರ ಆಗಸ್ಟ್ 30ಕ್ಕೆ ಮೈಸೂರಲ್ಲಿ ಶುರು ಆಯ್ತು, ರೇಷನ್ ಕಾರ್ಡಲ್ಲಿ ಮನೆ ಯಜಮಾನಿ ಅಂತ ಯಾರ ಹೆಸ್ರಿದೆಯೋ ಅವ್ರ ಆಧಾರ್ ಲಿಂಕ್ ಆಗಿರೋ ಖಾತೆಗೆ ತಿಂಗ್ಳಿಗೆ 2000 ರೂಪಾಯಿ. ಅವ್ರಾಗ್ಲಿ ಗಂಡ ಆಗ್ಲಿ ಇನ್‌ಕಮ್ ಟ್ಯಾಕ್ಸ್, ಜಿಎಸ್‌ಟಿ ಕಟ್ಟೋರಾಗಿದ್ರೆ ಬರಲ್ಲ. ದುಡ್ಡನ್ನ ಏನಕ್ಕೆ ಖರ್ಚು ಮಾಡ್ಬೇಕು ಅಂತ ಷರತ್ತಿಲ್ಲ, ಬಿಲ್ ತೋರ್ಸಿ ಅನ್ನೋರಿಲ್ಲ. ಹೊರದೇಶದಲ್ಲಿ ಇಂಥದ್ದನ್ನ ಎಷ್ಟೋ ಕಡೆ ನೂರೋ ಸಾವಿರನೋ ಜನಕ್ಕೆ ಕೊಟ್ಟು ಪೈಲಟ್, ಅಂದ್ರೆ ಸಣ್ಣ ಪ್ರಯೋಗ, ಮಾಡ್ತಾರೆ, ನಮ್ಮಲ್ಲಿ ಒಂದು ಕೋಟಿ ದಾಟಿದ ಮನೆಗಳಿಗೆ ನೇರವಾಗಿ ಹೋಗ್ತಾ ಐತೆ. ಪೈಲಟ್ ಅಲ್ದೇ ಇರೋದ್ರಿಂದ ಇನ್ನೊಂದು ತೊಂದ್ರೆನೂ ಐತೆ. ದುಡ್ಡು ಸಿಗದೇ ಇರೋ ಗುಂಪು ಅಂತ ಹೋಲಿಸಿ ನೋಡೋಕೆ ಯಾರೂ ಉಳ್ದಿರಲ್ಲ, ಇದ್ದೋರು ಒಂದೋ ಸ್ಥಿತಿವಂತರು, ಇಲ್ಲಾ ಕಾಗದ ಸರಿ ಇಲ್ದೋರು. ಅದ್ಕೇ ಮನೆ ಮನೆಗೆ ಹೋಗಿ ಉದ್ದಕ್ಕೆ ಮಾತಾಡಿಸೋ ನಮ್ಮಂಥೋರ ಕೆಲ್ಸಕ್ಕೆ ಬೆಲೆ.

ಟ್ರೈನಿಂಗ್ ಚೆನ್ನಾಗಿತ್ತು, ಇದ್ನ ಮನಸ್ಸು ಬಿಚ್ಚಿ ಹೇಳ್ತೀನಿ. ಬೆಂಗಳೂರಿಂದ ಬಂದಿದ್ದ ಮೇಡಂ ಪಿಪಿಟಿ ಓದ್ಲಿಲ್ಲ, ಹಳೇ ಸ್ಟಡಿಗಳನ್ನ ಕಥೆ ಥರ ಹೇಳಿದ್ರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟಾಕ್ಟನ್ ಅಂತ ಊರು, ಮೈಕಲ್ ಟಬ್ಸ್ ಅಂತ ಸಣ್ಣ ವಯಸ್ಸಿನ ಮೇಯರ್, 2019ರ ಫೆಬ್ರವರಿಯಿಂದ 125 ಜನಕ್ಕೆ ತಿಂಗ್ಳಿಗೆ 500 ಡಾಲರ್, ಎರಡು ವರ್ಷ. ದುಡ್ಡು ಸಿಕ್ರೆ ಜನ ಸೋಮಾರಿ ಆಗ್ತಾರೆ ಅಂತ ಎಲ್ರೂ ಅಂದಿದ್ರಂತೆ, ನೋಡಿದ್ರೆ ಮೊದ್ಲನೇ ವರ್ಷದಲ್ಲಿ ಫುಲ್‌ಟೈಮ್ ಕೆಲ್ಸದಲ್ಲಿ ಇದ್ದೋರು 28 ಪರ್ಸೆಂಟಿಂದ 40ಕ್ಕೆ ಏರಿದ್ರು. ಅದೇ ದೇಶದಲ್ಲಿ ಬೇಬೀಸ್ ಫಸ್ಟ್ ಇಯರ್ಸ್ ಅಂತ ಇನ್ನೊಂದು, ಬಡತನದಲ್ಲಿರೋ 1000 ಬಾಣಂತಿಯರನ್ನ ತಗೊಂಡು ಕೆಲವ್ರಿಗೆ ತಿಂಗ್ಳಿಗೆ 333 ಡಾಲರ್, ಉಳಿದೋರಿಗೆ 20 ಡಾಲರ್ ಕೊಟ್ಟು ಮಕ್ಕಳು ಹೆಂಗೆ ಬೆಳೀತಾರೆ ಅಂತ ನೋಡ್ತಿದಾರೆ. ನಾಲ್ಕು ವರ್ಷ ಆದ್ಮೇಲೆ ಮಕ್ಕಳ ಮಾತು, ನಡವಳಿಕೆ ಇದನ್ನೆಲ್ಲ ಅಳೆದ್ರೆ ಎರಡು ಗುಂಪಿಗೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಸಿಗ್ಲಿಲ್ಲ. ಇದು ಕೇಳಿ ನಮ್ ಬ್ಯಾಚಲ್ಲಿ ಒಬ್ಬ "ಹಂಗಾದ್ರೆ ದುಡ್ಡು ವೇಸ್ಟಾ ಮೇಡಂ" ಅಂದ. ಮೇಡಂ ಹೇಳಿದ್ದು, ಅಳತೆಗೋಲು ಮಗು ಮೇಲೆ ಇಟ್ಟಿದ್ರು, ಅಮ್ಮಂಗೆ ಏನಾಯ್ತು ಅನ್ನೋದನ್ನ ಅವಳ ಬಾಯಿಂದನೇ ಕೇಳ್ಬೇಕು ಅಂತ ಅದೇ ಸ್ಟಡಿಲಿ ತಾಯಂದಿರ ಜೊತೆ ಕೂತು ಮಾತಾಡಿಸೋ ಬೇರೆ ಭಾಗನೇ ಇಟ್ಟಿದಾರೆ, ನೀವು ಮಾಡೋದು ಆ ಭಾಗ.

ನಂಗೆ ಇವೆಲ್ಲಕ್ಕಿಂತ ಹತ್ರ ಅನ್ಸಿದ್ದು ಮಧ್ಯಪ್ರದೇಶದ್ದು. 2011ರಲ್ಲಿ ಸೇವಾ (SEWA) ಅನ್ನೋ ಹೆಣ್ಮಕ್ಕಳ ಕಾರ್ಮಿಕ ಸಂಘಟನೆಯೋರು ಯುನಿಸೆಫ್ ಸಹಾಯದಿಂದ ಎಂಟು ಹಳ್ಳಿಲಿ ಎಲ್ರಿಗೂ, ಬಡೋರು ಸಾಹುಕಾರ್ರು ಅಂತ ನೋಡ್ದೆ, ದೊಡ್ಡೋರಿಗೆ ತಿಂಗ್ಳಿಗೆ 200 ರೂಪಾಯಿ, ಮಕ್ಕಳಿಗೆ 100 ಅಂತ ಕೊಟ್ಟು ನೋಡಿದ್ರು, ವರ್ಷ ಆದ್ಮೇಲೆ 300, 150 ಮಾಡಿದ್ರು. ಇನ್ನೂರು ರೂಪಾಯಿಲಿ ಏನ್ ಬರುತ್ತೆ ಅನ್ಬೇಡಿ, ಆಗಿನ ಹಳ್ಳಿ ಲೆಕ್ಕದಲ್ಲಿ ಅದು ಬೇರೆನೇ. ಜನ ಸಾಲ ಕಮ್ಮಿ ಮಾಡ್ಕೊಂಡ್ರು, ತಮ್ಮ ಹೊಲಕ್ಕೆ ಹೆಚ್ಚು ದಿನ ಇಳಿದ್ರು, ಮಕ್ಕಳ ಊಟ ಸ್ಕೂಲು ಸುಧಾರ್ಸಿತು. ಜಗಳೂರು ಕಡೆ ಹೋದ್ಮೇಲೆ ಈ ಕಥೆ ನಂಗೆ ಎಷ್ಟೋ ಸಲ ನೆನಪಾಯ್ತು, ಸ್ಟಾಕ್ಟನ್ ಒಂದ್ಸಲನೂ ನೆನಪಾಗ್ಲಿಲ್ಲ.

ಈಗ ಫೀಲ್ಡು. ಮೊದ್ಲನೇ ಕಂಟಕ ನೀವ್ಯಾರು ಅನ್ನೋದು. ಕೊರಳಲ್ಲಿ ಐಡಿ ಕಾರ್ಡು, ಕೈಲಿ ಟ್ಯಾಬು, ಬ್ಯಾಗಲ್ಲಿ ಫಾರ್ಮು, ಬೀದಿಗೆ ಕಾಲಿಟ್ರೆ ಸಾಕು "ಸರ್ವೆಯೋರು ಬಂದ್ರು" ಅಂತ ಸುದ್ದಿ ನಮ್ಗಿಂತ ಮುಂದೆ ಓಡುತ್ತೆ. 2024ರ ನವೆಂಬರಲ್ಲಿ ಬಿಪಿಎಲ್ ಕಾರ್ಡ್ ರದ್ದು ಮಾಡ್ತಾರೆ ಅಂತ ಗಲಾಟೆ ಆಗಿತ್ತಲ್ಲ, ಆ ಹೆದ್ರಿಕೆ ಇನ್ನೂ ಜನ್ರ ಹೊಟ್ಟೇಲೇ ಐತೆ. ಗೋಡೆ ಬದೀಲಿ ನಿಂತಿರೋ ಬೈಕ್ ಕಡೆ ನಾವು ನೋಡಿದ್ರೂ "ಅದು ನಮ್ ತಮ್ಮಂದು ಕಣವ್ವ, ಇಲ್ಲಿ ನಿಲ್ಸೋಗವ್ನೆ" ಅಂತಾರೆ. ಫ್ರಿಜ್ ಮೇಲೆ ಸೀರೆ ಹೊದಿಸಿದ್ ಮನೆನೂ ಕಂಡಿದೀನಿ. ಮೊದ್ಲ ಇಪ್ಪತ್ತು ನಿಮಿಷ ಬರೀ ಸರ್ಕಾರಕ್ಕೆ ಹೇಳೋ ಉತ್ರನೇ ಬರುತ್ತೆ: ದುಡ್ಡು ಬರುತ್ತೆ, ತುಂಬಾ ಅನುಕೂಲ ಆಗೈತೆ, ಮಕ್ಕಳ ಫೀಸಿಗೆ ಔಷಧಿಗೆ ಬಳಸ್ತೀವಿ, ಮುಖ್ಯಮಂತ್ರಿಗಳಿಗೆ ಒಳ್ಳೇದಾಗ್ಲಿ. ಇದನ್ನೇ ಬರ್ಕೊಂಡು ಎದ್ದು ಬಂದ್ರೆ ಒಳ್ಳೇ ಪಾಂಪ್ಲೆಟ್ ಆಗುತ್ತೆ, ಸ್ಟಡಿ ಆಗಲ್ಲ.

ಮೇಲಿಂದ ಕನ್ಸೆಂಟ್ ಫಾರ್ಮ್ ಅಂತ ಒಂದು, ಮಾತಾಡೋಕೆ ಒಪ್ಪಿಗೆ ಐತೆ ಅಂತ ಸಹಿ ಹಾಕಿಸ್ಕೊಳ್ಳೋ ಪತ್ರ. ಕಾನೂನು ಭಾಷೆಲಿ ಎರಡೂವರೆ ಪುಟ. "ತಾವು ಯಾವುದೇ ಹಂತದಲ್ಲಿ ಹಿಂಪಡೆಯುವ ಹಕ್ಕನ್ನು ಹೊಂದಿರುತ್ತೀರಿ" ಅಂತ ಓದಿದ್ ತಕ್ಷಣ ಒಬ್ರು ಅಮ್ಮ ಫಾರ್ಮ್ ವಾಪಸ್ ನನ್ ಕೈಗೇ ತುರುಕಿ "ಏನ್ ಹಿಂಪಡೀತಾರೆ, ಎರಡ್ ಸಾವ್ರನಾ?" ಅಂದ್ರು. ಪಾಪ ಅವ್ರ ತಪ್ಪೇನೈತೆ. ಆಮೇಲಿಂದ ನಾನು ಫಾರ್ಮ್ ಬದಿಗಿಟ್ಟು ಬಾಯ್ಮಾತಲ್ಲಿ, "ಅಮ್ಮ, ನಾವು ಸರ್ಕಾರದೋರಲ್ಲ, ನೀವು ಏನ್ ಹೇಳಿದ್ರೂ ದುಡ್ಡು ನಿಲ್ಲಲ್ಲ, ಜಾಸ್ತಿನೂ ಆಗಲ್ಲ, ಬೇಜಾರಾದ್ರೆ ಎದ್ದೋಗು ಅಂತ ಹೇಳ್ಬಹುದು" ಅಂತ ಹೇಳಿ, ಅರ್ಥ ಆದ್ಮೇಲೇ ಸಹಿನೋ ಹೆಬ್ಬೆಟ್ಟೋ ಹಾಕಿಸ್ತಿದ್ದೆ. ಎಥಿಕ್ಸ್ ಕಮಿಟಿ ಅನ್ನೋರು ಫಾರ್ಮ್ ಓಕೆ ಮಾಡೋ ಮುಂಚೆ ಹರಿಹರದಲ್ಲೋ ಹೊನ್ನಾಳಿಲೋ ಒಂದು ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದಿ ನೋಡ್ಬೇಕು ಅನ್ನೋದು ನನ್ ಸಲಹೆ, ಮೀಟಿಂಗಲ್ಲಿ ಹೇಳ್ದೆ, ಮಿನಿಟ್ಸಲ್ಲಿ ಬರ್ಲಿಲ್ಲ.

ಒಂದು ಇಂಟರ್ವ್ಯೂ ಮಾತ್ರ ಸ್ವಲ್ಪ ವಿವರವಾಗಿ ಹೇಳ್ತೀನಿ, ಈ ಕೆಲ್ಸ ಅಂದ್ರೆ ಏನು ಅಂತ ಗೊತ್ತಾಗ್ಲಿ. ಊರೊಳಗೆ ಮಂಡಕ್ಕಿ ಭಟ್ಟಿ ಏರಿಯಾ. ದಾವಣಗೆರೆ ಅಂದ್ರೆ ಹೊರಗಿನೋರಿಗೆ ಬೆಣ್ಣೆ ದೋಸೆ, ನಮ್ಗೆ ಸಂಜೆ ಮಂಡಕ್ಕಿ ಮೆಣಸಿನ್ಕಾಯಿ, ಆ ಮಂಡಕ್ಕಿ ಹುಟ್ಟೋ ಜಾಗ ಇದು. ಒಳಗೆ ಹೋದ್ರೆ ಕಾದ ಮರಳಿನ ವಾಸನೆ, ಹೊಗೆ ಕಣ್ಣಿಗೆ ಅಡರುತ್ತೆ, ತಗಡಿನ ಶೀಟು, ಫ್ಯಾನ್ ಹಾಕಿದ್ರೆ ಮಂಡಕ್ಕಿ ಹಾರುತ್ತೆ ಅಂತ ಫ್ಯಾನಿಲ್ಲ. ಆ ಅಕ್ಕ ಜರಡಿ ಹಿಡಿಯೋ ಕೆಲ್ಸ. ಕಾದ ಮರಳಲ್ಲಿ ಅಕ್ಕಿ ಬಿದ್ದು ಉಬ್ಬಿ ಹೊರಗೆ ಬರುತ್ತಲ್ಲ, ಮರಳು ಕೆಳಗೆ ಉದುರಿ ಮಂಡಕ್ಕಿ ಮೇಲೆ ಉಳೀಬೇಕು, ಕೈ ನಿಲ್ಲಂಗಿಲ್ಲ. ಕೂತು ಮಾತಾಡಣ ಅಂದೆ, "ಕೂತ್ರೆ ಕೂಲಿ ಕೂರುತ್ತೆ, ನಿಂತೇ ಕೇಳು" ಅಂದ್ರು. ಹಂಗಾಗಿ ರೆಕಾರ್ಡರ್ ಅವ್ರ ಹೆಗಲ ಹತ್ರ ಹಿಡ್ಕೊಂಡು ನಿಂತೆ, ಆಡಿಯೋ ಪೂರ್ತಿ ಜರಡಿ ಸದ್ದು, ಸಪ್ ಸಪ್ ಅಂತ, ಟ್ರಾನ್ಸ್‌ಕ್ರೈಬ್ ಮಾಡೋವಾಗ ತಲೆ ಕೆಟ್ಟೋಯ್ತು.

ಇಂಟರ್ವ್ಯೂ ಗೈಡಲ್ಲಿ, ಅಂದ್ರೆ ನಮ್ಗೆ ಕೊಟ್ಟಿದ್ದ ಪ್ರಶ್ನೆ ಪಟ್ಟೀಲಿ, ಇದ್ದ ಪ್ರಶ್ನೆ, ಕಳೆದ ತಿಂಗಳ ಹಣವನ್ನು ಯಾವುದಕ್ಕೆ ಬಳಸಿದಿರಿ. ಅಕ್ಕ ಹೇಳಿದ್ದು, "ಯಾವುದಕ್ಕೂ ಇಲ್ಲ." ಮತ್ತೆ ಕೇಳ್ದೆ. "ಬಂದಿಲ್ಲ ಇನ್ನೂ, ಬಂದ್ಮೇಲೆ ಹೋಗುತ್ತೆ, ಆಗ್ಲೇ ಹೋಗೈತೆ." ಇದೇನಪ್ಪ ಅಂತ ಕೆದಕಿ ಕೆದಕಿ ಕೇಳಿದ್ಮೇಲೆ ಗೊತ್ತಾಗಿದ್ದು ಇಷ್ಟು. ಕಿರಾಣಿ ಅಂಗಡಿಯೋನು ಮುಂಚೆ ಇವ್ರಿಗೆ ಉದ್ರಿ ಕೊಡ್ತಿರ್ಲಿಲ್ಲ, ಗಂಡ ಹಮಾಲಿ, ದುಡಿಮೆ ಇದ್ದ ದಿನ ಐತೆ ಇಲ್ದಿದ್ ದಿನ ಇಲ್ಲ, ಯಾವ ನಂಬಿಕೆ ಮೇಲೆ ಕೊಡ್ತಾನೆ. ಗೃಹಲಕ್ಷ್ಮಿ ಬರೋಕೆ ಶುರು ಆದ್ಮೇಲೆ ಅಂಗಡಿಯೋನೇ ಬುಕ್ಕಲ್ಲಿ ಇವ್ರ ಹೆಸ್ರು ಬರ್ದ, ಎಣ್ಣೆ ಬೇಳೆ ಸೋಪು ಈಗ ತಗಂಡೋಗಿ ದುಡ್ಡು ಬಂದಾಗ ಕೊಡಿ ಅಂತ. ಕಂತು ಸರಿಯಾಗಿ ಬಂದಷ್ಟು ದಿನ ಇದು ಚಂದ. ಕಂತು ತಡ ಆಗಿ ಎರಡು ಮೂರು ತಿಂಗ್ಳದ್ದು ಒಟ್ಟಿಗೆ ಬರೋದು ಆಯ್ತಲ್ಲ, ಆಗ ಅಂಗಡಿಯೋನು ಬುಕ್ ಮುಚ್ಚಿದ. ಅವ್ನಿಗೂ ಹೋಲ್‌ಸೇಲ್‌ನೋನು ಕೇಳ್ತಾನಲ್ಲ. ಸಂಘದ ಸಾಲಕ್ಕೆ ಕಟ್ಟೋ ವಾರದ ಕಂತು ಮಾತ್ರ ಯಾರಿಗೂ ಕಾಯಲ್ಲ, ಅದಕ್ಕೆ ಕೈಗಡ, ಕೈಗಡ ತೀರ್ಸೋಕೆ ಇನ್ನೊಂದು ಸಂಘ. ಕೊನೆಗೆ ಒಟ್ಟಿಗೆ 4000 ಬಂದ ದಿನ ಮನೇಲಿ ಅದನ್ನ ನೋಡಿದ್ದು ಮೊಬೈಲ್ ಮೆಸೇಜಲ್ಲಿ ಮಾತ್ರ.

ನಂಗೆ ಅನ್ಸೋದು, ಇಡೀ ಸ್ಟಡಿಲಿ ಹೇಳ್ಬೇಕಾದ ಮಾತು ಇದೇ. ಎರಡು ಸಾವಿರ ಎಲ್ಲಿಗೆ ಹೋಯ್ತು ಅನ್ನೋದಕ್ಕಿಂತ ಅದು ಯಾವ ತಾರೀಕಿಗೆ ಬರುತ್ತೆ ಅಂತ ಮನೆಯೋಳಿಗೆ ಗೊತ್ತಿತ್ತಾ ಇಲ್ವಾ ಅನ್ನೋದು ದೊಡ್ಡ ಪ್ರಶ್ನೆ. ಗೊತ್ತಿದ್ರೆ ಅವಳು ಸಾಲ ಕೇಳೋ ಮನೆ ಬದ್ಲಾಗುತ್ತೆ, ಬಡ್ಡಿ ಬದ್ಲಾಗುತ್ತೆ, ಗಂಡನ ಹತ್ರ ಕೈ ಚಾಚೋದು ಕಮ್ಮಿ ಆಗುತ್ತೆ. ಗೊತ್ತಿಲ್ಲ ಅಂದ್ರೆ ಅದೇ 24 ಸಾವಿರ ವರ್ಷಕ್ಕೆ ಬಂದ್ರೂ ಲಾಟ್ರಿ ಹೊಡೆದಂಗೆ ಬಂದು ಹೋಗುತ್ತೆ. ಆದ್ರೆ ಗೈಡಲ್ಲಿ ತಾರೀಕಿನ ಬಗ್ಗೆ ಒಂದೇ ಒಂದು ಪ್ರಶ್ನೆ ಇತ್ತು, ಅದೂ ಹೌದು ಇಲ್ಲ ಅನ್ನೋ ಥರದ್ದು, "ಹಣ ನಿಯಮಿತವಾಗಿ ಬರುತ್ತಿದೆಯೇ". ಖರ್ಚಿನ ಬಗ್ಗೆ ಮಾತ್ರ ಎರಡು ಪುಟ. ಬೀಡಿ, ಕುಡಿತ, ಬಂಗಾರ, ಸೀರೆ ಎಲ್ಲಾ ಟಿಕ್ ಹಾಕೋಕೆ. ಬಡೋರ ಮನೆಗೆ ದುಡ್ಡು ಹೋದ್ರೆ ಅದನ್ನ ಕುಡಿದ್ರಾ ಅಂತ ಕೇಳೋ ಚಟ ನಮ್ಮ ದೇಶದ್ದೊಂದೇ ಅಲ್ಲ, ಸ್ಟಾಕ್ಟನ್‌ನಲ್ಲೂ ಲೆಕ್ಕ ಹಾಕಿದ್ರು, ಹೆಂಡ ತಂಬಾಕಿಗೆ ಹೋಗಿದ್ದು ನೂರಕ್ಕೆ ಒಂದು ರೂಪಾಯಿನೂ ಇಲ್ಲ.

ನೆಮ್ಮದಿನ ಒಂದರಿಂದ ಹತ್ತರಲ್ಲಿ ಎಷ್ಟು ಅಂತ ಹೇಳಿ ಅನ್ನೋ ಪ್ರಶ್ನೆನೂ ಒಂದಿತ್ತು. ಕ್ವಾಲಿಟೇಟಿವ್ ಅಂತ ಕರೆದು ಯಾಕೆ ನಂಬರ್ ಕೇಳ್ತೀರಪ್ಪಾ ಅಂತ ನನ್ ತಕರಾರು. ಚನ್ನಗಿರಿ ಕಡೆ ಅಡಿಕೆ ಸುಲಿಯೋಕೆ ಹೋಗೋ ಒಬ್ರು "ಮಳೆ ಬಂದ್ರೆ ಎಂಟು, ಅತ್ತೆ ಬಂದ್ರೆ ಎರಡು" ಅಂದ್ರು. ನಕ್ಕು ನಕ್ಕು ಸಾಕಾಯ್ತು, ಎಕ್ಸೆಲ್ಲಲ್ಲಿ ಐದು ಅಂತ ಹಾಕಿ ಅಂದ್ರು ಆಫೀಸಿಂದ. ನಾನು ಎರಡೂ ಹಾಕಿ ಪಕ್ಕದಲ್ಲಿ ಮಾತನ್ನೂ ಬರ್ದೆ.

ಅತ್ತೆ ಅಂದೆ ನೋಡಿ, ಅದು ಬೇರೆನೇ ಪುರಾಣ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ರೇಷನ್ ಕಾರ್ಡಲ್ಲಿ ಮನೆಯ ಹಿರಿ ಹೆಂಗಸೇ ಯಜಮಾನಿ. ಒಳ್ಳೇ ಕಾನೂನು, ಅನುಮಾನ ಇಲ್ಲ. ಆದ್ರೆ ಅದ್ರ ಮೇಲೆ ಗೃಹಲಕ್ಷ್ಮಿ ಕೂತಿರೋದ್ರಿಂದ ಮೂರು ಸೊಸೇರು ಇರೋ ಮನೇಲೂ ದುಡ್ಡು ಬರೋದು ಅತ್ತೆಗೆ. ಜಗಳೂರು ತಾಲೂಕಿನ ಒಂದೂರಲ್ಲಿ ಅತ್ತೆ ಜೊತೆ ಜಗಲಿ ಮೇಲೆ ಇಂಟರ್ವ್ಯೂ ಮಾಡ್ತಿದ್ದೆ, ಸೊಸೆ ಒಳಗಿಂದ ಟೀ ತಂದಿಟ್ಟು ಹೋದ್ಲು, ಬಾಯಿ ಬಿಡ್ಲಿಲ್ಲ. ಅತ್ತೆ ಹೇಳಿದ್ದು ಎಲ್ಲಾ ಮನೆಗೇ ಹಾಕ್ತೀನಿ ಅಂತ. ಆಮೇಲೆ ನಾನು ಹೊರಟಾಗ ಸೊಸೆ ನೀರಿನ ಟ್ಯಾಂಕ್ ಹತ್ರ ಕೊಡ ಇಟ್ಕೊಂಡು ನಿಂತಿದ್ಳು, ನಂಗೋಸ್ಕರನೇ ಬಂದಿದ್ಲು ಅಂತ ಕಾಣುತ್ತೆ. ಅವ್ಳು ಹೇಳಿದ್ದು ನಾನು ಅಂದ್ಕೊಂಡಂಗೆ ಇರ್ಲಿಲ್ಲ. ಅತ್ತೆ ಮೇಲೆ ದೂರೇನೂ ಇಲ್ಲ, "ಮುಂಚೆ ನಮ್ಮತ್ತೆ ಮಾತ್ರೆಗೆ ಮೂರೂ ಗಂಡುಮಕ್ಳ ಮುಖ ನೋಡ್ತಿದ್ರು, ಯಾರೂ ಕೊಡ್ತಿರ್ಲಿಲ್ಲ, ಕೊನೆಗೆ ಬೈಸ್ಕೊಳ್ಳೋಳು ನಾನು. ಈಗ ಮಾತ್ರೆ ಅವ್ರೇ ತಗಂತಾರೆ, ನನ್ನ ಬೈಯೋದು ಕಮ್ಮಿ ಆಗೈತೆ" ಅಂದ್ಲು. ಆಮೇಲೆ ಸ್ವಲ್ಪ ತಡೆದು, "ನಂದೂ ಬೇರೆ ಕಾರ್ಡ್ ಮಾಡ್ಸಿದ್ರೆ ನಂಗೂ ಬರ್ತಿತ್ತು, ಬೇರೆ ಕಾರ್ಡ್ ಅಂದ್ರೆ ಬೇರೆ ಒಲೆ ಅಂತ ನಮ್ಮೆಜಮಾನ್ರು ಒಪ್ಪಲ್ಲ." ಈ ನಾಲ್ಕು ಮಾತು ನನ್ ಅಫಿಶಿಯಲ್ ಸ್ಯಾಂಪಲ್ಲಲ್ಲಿ ಎಲ್ಲೂ ಕೂರಲ್ಲ, ಯಾಕಂದ್ರೆ ಸ್ಯಾಂಪಲ್ ಅಂದ್ರೆ ಫಲಾನುಭವಿ, ಅವ್ಳು ಫಲಾನುಭವಿ ಅಲ್ಲ. ಫೀಲ್ಡ್ ನೋಟ್ಸಲ್ಲಿ ಬರ್ದೆ. ಸೂಪರ್‌ವೈಸರ್ ಓದಿ, ಮುಂದಿನ ರೌಂಡಲ್ಲಿ ಸೊಸೇರನ್ನೂ ಸೇರ್ಸೋಣ ಅಂದ್ರು, ಸೇರ್ಸಿದ್ರು ಕೂಡ. ಇದಕ್ಕೆ ಆ ಟೀಮಿಗೆ ಫುಲ್ ಮಾರ್ಕ್ಸ್, ಎಷ್ಟೋ ಕಡೆ ಫೀಲ್ಡಿನೋರ ನೋಟ್ಸ್ ಯಾರೂ ತೆರೆದೂ ನೋಡಲ್ಲ.

ಭಾಷೆ ವಿಷ್ಯದಲ್ಲಿ ಪೋಸ್ಟ್ ಹಾಕ್ದೋರು ಸ್ವಲ್ಪ ಎಚ್ಚರ ಆಗ್ಬೇಕು. ಜಾಹೀರಾತಲ್ಲಿ ಕನ್ನಡ ಇಂಗ್ಲಿಷ್ ಬರ್ಬೇಕು ಅಂತ ಮಾತ್ರ ಇತ್ತು. ಆಜಾದ್ ನಗರ ಕಡೆ ಹೆಂಗಸ್ರು ಕನ್ನಡ ಚೆನ್ನಾಗೇ ಮಾತಾಡ್ತಾರೆ, ವ್ಯವಹಾರ ಎಲ್ಲ ಕನ್ನಡದಲ್ಲೇ, ಆದ್ರೆ ಮನೆ ದುಃಖ ಹೇಳೋಕೆ ಶುರು ಮಾಡಿದ್ರೆ ಉರ್ದುಗೆ ಹೋಗ್ಬಿಡ್ತಾರೆ, ತಾಂಡಾಗಳಲ್ಲಿ ಲಂಬಾಣಿ. ನಮ್ ಬ್ಯಾಚಲ್ಲಿ ಉರ್ದು ಬರ್ತಿದ್ದ ಹುಡ್ಗಿ ಒಬ್ಳೇ, ಅವಳನ್ನ ಊರೆಲ್ಲ ಓಡಾಡ್ಸಿ ಸುಸ್ತು ಮಾಡಿದ್ರು, ಅದಕ್ಕೆ ಎಕ್ಸ್‌ಟ್ರಾ ಒಂದು ರೂಪಾಯಿ ಇಲ್ಲ. ನಿಮ್ಗೆ ಉರ್ದುನೋ ಲಂಬಾಣಿನೋ ಬಂದ್ರೆ ರೆಸ್ಯೂಮೆಲಿ ಮೇಲ್ಗಡೆನೇ ಹಾಕಿ, ಸಂಬಳ ಮಾತಾಡೋವಾಗ ಅದನ್ನ ಬಿಟ್ಕೊಡ್ಬೇಡಿ.

ಓಡಾಟದ್ದು ಕೇಳಿದ್ರೆ ನಗ್ತೀರ. ಶಕ್ತಿ ಯೋಜನೆ ಇರೋದ್ರಿಂದ ಸರ್ಕಾರಿ ಬಸ್ಸಲ್ಲಿ ನಂಗೆ ಫ್ರೀ, ಆಧಾರ್ ತೋರ್ಸಿದ್ರೆ ಸೊನ್ನೆ ರೂಪಾಯಿ ಟಿಕೆಟ್. ಆದ್ರೆ ನಮ್ ಜಿಲ್ಲೆಲಿ ಹಳ್ಳಿ ಕಡೆ ಎಷ್ಟೋ ರೂಟಲ್ಲಿ ಪ್ರೈವೇಟ್ ಬಸ್ಸೇ ಗತಿ, ಅಲ್ಲಿ ದುಡ್ಡು ತಗೊಂಡು ಟಿಕೆಟ್ ಕೊಡಲ್ಲ, ಕೊಟ್ರೂ ನಂಬರ್ ಅಳಿಸಿರೋ ಚೀಟಿ. ಹಂಗಾಗಿ ಟಿಎ (ಓಡಾಟದ ಖರ್ಚಿನ) ಬಿಲ್ಲಿಗೆ ನನ್ ಹತ್ರ ಇದ್ದ ಟಿಕೆಟ್ ಎಲ್ಲಾ ಸೊನ್ನೆದು, ದುಡ್ಡು ಕೊಟ್ಟಿದ್ದಕ್ಕೆ ಟಿಕೆಟ್ ಇಲ್ಲ. ಅಕೌಂಟ್ಸ್‌ನೋರಿಗೆ ಇದನ್ನ ಅರ್ಥ ಮಾಡ್ಸೋದು ಅತ್ತೆಗೆ ಕನ್ಸೆಂಟ್ ಫಾರ್ಮ್ ಓದಿ ಹೇಳೋದಕ್ಕಿಂತ ಕಷ್ಟ ಆಯ್ತು. ಕೊನೆಗೆ ಕಿಲೋಮೀಟರ್ ಲೆಕ್ಕದಲ್ಲಿ ಕೊಟ್ರು. ಸೇರೋವಾಗ್ಲೇ ಕಿಲೋಮೀಟರ್ ರೇಟ್ ಕೇಳ್ಕೊಳ್ಳಿ. ಬಿಸಿಲಲ್ಲಿ ಜಗಳೂರು ಕಡೆ ಹೋಗೋರು ಛತ್ರಿ ನೀರು ಮರೀಬೇಡಿ, ಮಧ್ಯಾಹ್ನ ಹೋದ್ರೆ ಮನೇಲಿ ಯಾರೂ ಇರಲ್ಲ, ಎಲ್ಲಾ ಮೆಕ್ಕೆಜೋಳದ ಹೊಲದಲ್ಲಿ. ಬೆಳಿಗ್ಗೆ ಬೇಗ, ಇಲ್ಲಾ ಸಂಜೆ ಧಾರಾವಾಹಿ ಶುರು ಆಗೋ ಮುಂಚೆ.

ಈಗ ನಿಜವಾದ ಕಿರಿಕ್ಕಿಗೆ ಬರ್ತೀನಿ, ಟ್ರಾನ್ಸ್‌ಕ್ರಿಪ್ಶನ್. ಹೊರಗಿನೋರಿಗೆ ಈ ಕೆಲ್ಸ ಅಂದ್ರೆ ಮಾತಾಡಿಸೋದು ಅಷ್ಟೇ ಅಂತ. ಒಂದು ಗಂಟೆ ಆಡಿಯೋ ಕನ್ನಡದಲ್ಲಿ ಇಳಿಸೋಕೆ ಐದಾರು ಗಂಟೆ ಹಿಡಿಯುತ್ತೆ, ಭಟ್ಟಿಯದ್ದಾದ್ರೆ ಕೇಳ್ಲೇಬೇಡಿ. ಕೆಮ್ಮಿದ್ದು, ನಕ್ಕಿದ್ದು, ಸುಮ್ನಾಗಿದ್ದು ಎಲ್ಲಾ ಬ್ರಾಕೆಟ್ಟಲ್ಲಿ ಬರೀಬೇಕು. ಆಮೇಲೆ ಇಂಗ್ಲಿಷಿಗೆ ಮಾಡ್ಬೇಕು, ಬೆಂಗಳೂರಲ್ಲಿ ಅನಾಲಿಸಿಸ್ ಮಾಡೋರು ಓದೋದು ಅದನ್ನೇ. ಮೊಬೈಲಲ್ಲಿ ವಾಯ್ಸ್ ಟೈಪಿಂಗ್ ಹಾಕಿ ನೋಡಿದ್ವಿ, ನಮ್ ಕಡೆ ಮಾತಿಗೆ ಅದು ಏನೇನೋ ಬರ್ದು ಇಡುತ್ತೆ, ತಿದ್ದೋದ್ರಲ್ಲಿ ಹೊಸದಾಗಿ ಟೈಪ್ ಮಾಡ್ಬಹುದು. ಕಾಂಟ್ರಾಕ್ಟಲ್ಲಿ ಲೆಕ್ಕ ಇರೋದು ಮುಗ್ಸಿದ್ ಇಂಟರ್ವ್ಯೂ ಮೇಲೆ, ರಾತ್ರಿ ಹನ್ನೊಂದರ ತನಕ ಇಯರ್‌ಫೋನ್ ಹಾಕ್ಕೊಂಡು ಕೂತಿದ್ದು ಯಾವ ಕಾಲಮ್ಮಲ್ಲೂ ಇಲ್ಲ. ಇದ್ರ ಪರಿಣಾಮ ಏನಾಗುತ್ತೆ ಹೇಳ್ತೀನಿ. ಉದ್ದ ಇಂಟರ್ವ್ಯೂ ಮಾಡ್ದೋರಿಗೇ ಶಿಕ್ಷೆ. ಇಪ್ಪತ್ತೈದು ನಿಮಿಷಕ್ಕೆ ಎದ್ದು ಬಂದೋನಿಗೂ ಕೂಲಿ ಅದೇ, ಟೈಪಿಂಗ್ ಮಾತ್ರ ಅರ್ಧ. ಮೇಲೆ ಹೇಳಿದ್ನಲ್ಲ, ಮೊದ್ಲ ಇಪ್ಪತ್ತು ನಿಮಿಷ ಬರೀ ಸರ್ಕಾರಕ್ಕೆ ಹೇಳೋ ಮಾತು ಅಂತ, ಈಗ ನೀವೇ ಲೆಕ್ಕ ಹಾಕಿ ಅವ್ನ ಡೇಟಾದಲ್ಲಿ ಏನಿರುತ್ತೆ.

ಕೋಡಿಂಗ್ ಅಂತ ಆಮೇಲೊಂದು ಹಂತ, ಕಂಪ್ಯೂಟರ್ ಕೋಡಿಂಗ್ ಅಲ್ಲ, ಜನ ಹೇಳಿದ್ ಮಾತಿಗೆ ಹಣೆಪಟ್ಟಿ ಅಂಟಿಸೋದು, ಸಾಲ, ಮರ್ಯಾದೆ, ಆರೋಗ್ಯ, ಮಕ್ಕಳು ಹಿಂಗೆ. ಎನ್‌ವಿವೋ ಅನ್ನೋ ಸಾಫ್ಟ್‌ವೇರಲ್ಲಿ ಮಾಡ್ಸಿದ್ರು. ಕಲಿಯೋಕೆ ಕಷ್ಟ ಏನಿಲ್ಲ, ಮುಂದೆ ಬೇರೆ ಕೆಲ್ಸಕ್ಕೂ ಇದು ಬರುತ್ತೆ ಅಂತ ರೆಸ್ಯೂಮೆಗೆ ಒಳ್ಳೇದು. ಎರಡು ಜನ ಒಂದೇ ಪುಟಕ್ಕೆ ಬೇರೆ ಬೇರೆ ಕೂತು ಕೋಡ್ ಮಾಡಿ ಆಮೇಲೆ ಜಗಳ ಆಡೋದು ಈ ಕೆಲ್ಸದಲ್ಲಿ ನಂಗೆ ಅತಿ ಇಷ್ಟವಾದ ಭಾಗ. ಭಟ್ಟಿ ಅಕ್ಕಂದು ಆ ಅಂಗಡಿ ಬುಕ್ ಕಥೆ ನಾನು ಮರ್ಯಾದೆ ಅಂತ ಹಾಕಿದ್ದೆ, ಇನ್ನೊಬ್ರು ಸಾಲ ಅಂತ, ಅರ್ಧ ದಿನ ವಾದ ಆಯ್ತು, ಎರಡೂ ಉಳಿಸ್ಕೊಂಡ್ವಿ.

ಮನಸ್ಸಿಗೆ ಆಗೋ ಭಾರದ ಬಗ್ಗೆ ಯಾರೂ ಮೊದ್ಲೇ ಹೇಳಲ್ಲ. ದುಡ್ಡಿನ ಮಾತು ಕೇಳೋಕೆ ಹೋದ್ರೆ ಹೊಡೆತದ ಮಾತು ಬರುತ್ತೆ. ಎಟಿಎಂ ಕಾರ್ಡ್ ಗಂಡನ ಜೇಬಲ್ಲಿ, ಪಿನ್ ಅವನಿಗೇ ಗೊತ್ತು, ಕೇಳಿದ್ರೆ ಏಟು, ಇದನ್ನ ಕೇಳಿ ನಾವು ಥ್ಯಾಂಕ್ಸ್ ಹೇಳಿ ಎದ್ದು ಬರ್ಬೇಕು. ನಮ್ಗೆ ಒಂದು ಕಾರ್ಡ್ ಕೊಟ್ಟಿದ್ರು, ಮಹಿಳಾ ಸಹಾಯವಾಣಿ 181, ಮಕ್ಕಳದ್ದು 1098, ಅದನ್ನ ಹೇಳಿ ಬರೋದು. ಸೂಪರ್‌ವೈಸರ್ ಮೇಡಂ ಅಂಥ ದಿನ ಸಂಜೆ ತಾವೇ ಫೋನ್ ಮಾಡಿ ಮಾತಾಡ್ತಿದ್ರು, ಮಾರನೇ ದಿನ ಫೀಲ್ಡ್ ಬೇಡ ಅಂತಿದ್ರು. ಇದು ಒಬ್ರ ಒಳ್ಳೇತನ, ಸಂಸ್ಥೆ ರೂಲ್ ಅಲ್ಲ. ರೂಲ್ ಆಗ್ಬೇಕು.

ಸಂಬಳ ನಮ್ಮೂರಿಗೆ ಪರ್ವಾಗಿಲ್ಲ, ಪ್ರೈವೇಟ್ ಕಾಲೇಜಲ್ಲಿ ಗೆಸ್ಟ್ ಫ್ಯಾಕಲ್ಟಿ ಆಗಿ ಒದ್ದಾಡೋದಕ್ಕಿಂತ ಮೇಲು, ಬೆಂಗಳೂರಲ್ಲಿ ಇದೇ ಕೆಲ್ಸಕ್ಕೆ ಕೊಡೋದಕ್ಕಿಂತ ಕಮ್ಮಿ, ಯಾಕೆ ಕಮ್ಮಿ ಅಂತ ಕೇಳಿದ್ರೆ ಅಲ್ಲಿ ಬಾಡಿಗೆ ಜಾಸ್ತಿ ಅಂತಾರೆ. ತಾರೀಕು ಮಾತ್ರ ಕೇಳ್ಬೇಡಿ. ಐದಕ್ಕೆ ಅಂತ ಇರೋದು ಒಂದ್ಸಲ ಹದಿನೈದು, ಒಂದ್ಸಲ ಮುಂದಿನ ತಿಂಗ್ಳು, ಡೋನರ್ ಕಡೆಯಿಂದ ಬಂದಿಲ್ಲ ಅಂತ. ಒಂದ್ಸಲ ಅಂತೂ ನಮ್ ಟೀಮಿನೋರೆಲ್ಲ ಸೇರಿ ಅಕೌಂಟ್ಸಿಗೆ ಬರೆದ ಈಮೇಲಲ್ಲಿ ನಮ್ಮದೇ ಇಂಟರ್ವ್ಯೂ ಗೈಡಿನ ಪ್ರಶ್ನೆ ಕಾಪಿ ಮಾಡಿ ಹಾಕಿದ್ವಿ, "ಹಣ ನಿಯಮಿತವಾಗಿ ಬರುತ್ತಿದೆಯೇ". ಎರಡು ದಿನದಲ್ಲಿ ಬಂತು.

ಯಾರು ಹಾಕ್ಬೇಕು ಅಂದ್ರೆ, ಮಾತಿಗಿಂತ ಸುಮ್ನಿರೋದು ಬರೋರು. ಎದುರಿಗಿರೋರು ಹೇಳ್ತಾ ಹೇಳ್ತಾ ನಿಲ್ಸಿದಾಗ ಮುಂದಿನ ಪ್ರಶ್ನೆಗೆ ಹಾರ್ದೆ ಕಾಯೋಕೆ ಆಗೋರು. ಗಂಡ್ಮಕ್ಳು ಹಾಕ್ಬಹುದಾ ಅಂತ ಕೇಳ್ತಾರೆ, ಹಾಕ್ಬಹುದು, ಗಂಡಂದಿರನ್ನ ಮಾತಾಡಿಸೋಕೆ ಅವ್ರೇ ಬೇಕು, ಟೀ ಅಂಗಡಿ ಮುಂದೆ ಕೂತ ಗಂಡಸ್ರ ಬಾಯಿಂದ ಬಂದ ಮಾತು ನಮ್ಗೆ ಯಾವತ್ತೂ ಸಿಗ್ತಿರ್ಲಿಲ್ಲ. ಸರ್ಕಾರ ದುಡ್ಡು ಕೊಟ್ಟು ಹೆಂಗಸ್ರನ್ನ ಹಾಳು ಮಾಡ್ತೈತೆ ಅಂತನೋ, ಇಲ್ಲಾ ಈ ಸರ್ಕಾರ ದೇವ್ರು ಅಂತನೋ ಮೊದ್ಲೇ ತೀರ್ಮಾನ ಮಾಡ್ಕೊಂಡಿರೋರು ದಯವಿಟ್ಟು ಬೇಡ, ಎರಡೂ ಥರದೋರು ನಮ್ ಬ್ಯಾಚಲ್ಲಿದ್ರು, ಇಬ್ರ ಟ್ರಾನ್ಸ್‌ಕ್ರಿಪ್ಟಲ್ಲೂ ಅವ್ರದ್ದೇ ದನಿ ಜಾಸ್ತಿ.

ಸಹಿ ಹಾಕೋ ಮುಂಚೆ ಕೇಳಿ: ಒಂದು ಗಂಟೆ ಆಡಿಯೋಗೆ ಟೈಪಿಂಗ್ ರೇಟ್ ಎಷ್ಟು, ಸಂಬಳದ ತಾರೀಕು ಕಾಗದದಲ್ಲಿ ಇದೆಯಾ, ರಿಪೋರ್ಟ್ ಆದ್ಮೇಲೆ ನಾವು ಮಾತಾಡಿಸಿದ ಊರಿಗೆ ವಾಪಸ್ ಹೋಗಿ ಏನ್ ಸಿಕ್ತು ಅಂತ ಹೇಳೋಕೆ ಬಜೆಟ್ ಇಟ್ಟಿದಾರಾ. ಕೊನೇದಕ್ಕೆ ನಮ್ಮಲ್ಲಿ ಇರ್ಲಿಲ್ಲ, ಭಟ್ಟಿ ಅಕ್ಕ ಮಂಡಕ್ಕಿ ತರೋಕೆ ಹೋದಾಗೆಲ್ಲ ಕೇಳ್ತಾರೆ, ಏನಾಯ್ತವ್ವ ನಿನ್ ಬುಕ್ಕು ಅಂತ. ಎರಡನೇ ಹಂತಕ್ಕೆ ಮತ್ತೆ ಜನ ತಗೋತಾರಂತೆ, ಚಿತ್ರದುರ್ಗ ಕಡೆ ಚಳ್ಳಕೆರೆ, ಮೊಳಕಾಲ್ಮೂರು ಸೇರ್ಸಿ. ನಾನು ಅರ್ಜಿ ಹಾಕ್ತೀನಿ, ಟೈಪಿಂಗ್ ರೇಟ್ ಬರ್ದು ಕೊಟ್ರೆ ಸೇರ್ತೀನಿ.